ವಯಸ್ಸಿನೊಂದಿಗೆ ಬದಲಾಗುವ ಹೆಣ್ಣಿನ ಲೈಂಗಿಕ ಆಸೆ: ಅರಿಯುವುದು ಹೇಗೆ, ನಿಭಾಯಿಸುವುದು ಹೇಗೆ

ತನಗೆ ಮೊದಲಿನಂತೆ ಆಸೆಯಾಗುತ್ತಿಲ್ಲ ಎಂಬುದು ಗಮನಕ್ಕೆ ಬಂದಾಗ ಹೆಣ್ಣು ಸಾಮಾನ್ಯವಾಗಿ ತನ್ನನ್ನು ಮೂವರೊಂದಿಗೆ ಹೋಲಿಸಿಕೊಳ್ಳುತ್ತಾಳೆ: ಸಂಗಾತಿಯೊಂದಿಗೆ, ಕತೆ-ಸಿನಿಮಾಗಳ ನಾಯಕಿಯೊಂದಿಗೆ ಮತ್ತು ಹತ್ತು ವರ್ಷ ಹಿಂದಿನ ತನ್ನೊಂದಿಗೆ. ಈ ಪೈಕಿ ಉಪಯೋಗಕ್ಕೆ ಬರುವುದು ಕೊನೆಯದೊಂದೇ. ಅದೂ ಆ ಹತ್ತು ವರ್ಷಗಳಲ್ಲಿ ದೇಹಕ್ಕೆ, ಮನಸ್ಸಿಗೆ, ಸಂಸಾರಕ್ಕೆ ಏನೇನಾಯಿತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ. ಹೆರಿಗೆ, ಹಾಲೂಡಿಸುವಿಕೆ, ನಿದ್ದೆಗೇಡು, ಹೊಸದಾಗಿ ಶುರುವಾದ ಮಾತ್ರೆ, ಮುಟ್ಟಿನ ಏರುಪೇರು, ಬಗೆಹರಿಯದ ಮುನಿಸು, ಇವೆಲ್ಲವೂ ಆಸೆಯನ್ನು ಮುಟ್ಟಿಯೇ ಮುಂದೆ ಹೋಗುತ್ತವೆ. ಆದ್ದರಿಂದ ಮೊದಲು ಬದಲಾವಣೆಯನ್ನು ಸರಿಯಾಗಿ ಅಳೆಯಬೇಕು, ಅದು ಬದುಕಿನ ಯಾವ ಘಟ್ಟಕ್ಕೆ ಸೇರಿದ್ದೆಂದು ಗುರುತಿಸಬೇಕು, ಆಮೇಲೆ ಮನೆಯಲ್ಲೇ ಮಾಡಬಹುದಾದದ್ದು ಯಾವುದು, ವೈದ್ಯರನ್ನು ಕೇಳಬೇಕಾದದ್ದು ಯಾವುದು ಎಂದು ಬೇರ್ಪಡಿಸಬೇಕು. ಇಲ್ಲಿ ಹೇಳುವುದೆಲ್ಲ ವಯಸ್ಕ ಮಹಿಳೆಯರನ್ನು ಕುರಿತದ್ದು.

ಅಳೆಯುವ ಬಗೆ

ಎರಡು ಮೂರು ತಿಂಗಳ ಮಟ್ಟಿಗೆ ಒಂದು ಸಣ್ಣ ಟಿಪ್ಪಣಿ ಇಟ್ಟುಕೊಳ್ಳಿ. ಮುಟ್ಟಿನ ದಿನಗಳು, ನಿದ್ದೆ ಎಷ್ಟಾಯಿತು, ಆಸೆ ಮೂಡಿತೇ ಇಲ್ಲವೇ, ಮಿಲನದ ವೇಳೆ ನೋವಿತ್ತೇ, ಯಾವ ಔಷಧಿ ಶುರುವಾಯಿತು ಅಥವಾ ನಿಂತಿತು, ಇಷ್ಟನ್ನು ದಿನಕ್ಕೊಂದು ಸಾಲಿನಲ್ಲಿ ಬರೆದರೆ ಸಾಕು. ನೆನಪಿಗೆ ಬೇಸರದ ದಿನಗಳೇ ಎದ್ದು ಕಾಣುತ್ತವೆ. ಬರಹದಲ್ಲಿ ಉಳಿದ ದಿನಗಳೂ ಇರುತ್ತವೆ.

ಆ ಟಿಪ್ಪಣಿಯನ್ನು ಮುಂದಿಟ್ಟುಕೊಂಡು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಬದಲಾವಣೆ ಯಾವಾಗಿನಿಂದ ಬಂತು, ಮೆಲ್ಲಗೆ ಬಂತೇ ಅಥವಾ ಒಮ್ಮೆಲೇ ಬಂತೇ? ಆಸೆ ಎಲ್ಲ ಬಗೆಯಲ್ಲೂ ಕುಗ್ಗಿದೆಯೇ, ಅಥವಾ ಕನಸಿನಲ್ಲಿ, ಕಲ್ಪನೆಯಲ್ಲಿ, ಒಬ್ಬಳೇ ಇರುವಾಗ ಇದ್ದು ಸಂಗಾತಿಯ ಜೊತೆಗೆ ಮಾತ್ರ ಇಲ್ಲವಾಗಿದೆಯೇ? ನೋವು ಅಥವಾ ನೋವಿನ ಭಯ ಇದರಲ್ಲಿ ಸೇರಿದೆಯೇ? ಕೊನೆಯದಾಗಿ, ಇದರಿಂದ ತೊಂದರೆಯಾಗುತ್ತಿರುವುದು ನಿಮಗೋ, ಬೇರೆಯವರಿಗೋ? ನಾಲ್ಕನೆಯ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಅಮೆರಿಕದ 31 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವಿಚಾರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆಸೆ ಕಡಿಮೆ ಎಂದವರು ಶೇಕಡ 39ರ ಆಸುಪಾಸಿನಲ್ಲಿದ್ದರೆ, ಆಸೆ ಕಡಿಮೆ ಇರುವುದರ ಜೊತೆಗೆ ಲೈಂಗಿಕ ಬದುಕಿನ ಬಗ್ಗೆ ಸಂಕಟವನ್ನೂ ಅನುಭವಿಸುತ್ತಿದ್ದವರು ಶೇಕಡ 10ರಷ್ಟು ಮಾತ್ರ. ವೈದ್ಯಶಾಸ್ತ್ರವೂ ಇದೇ ಗೆರೆಯನ್ನು ಎಳೆಯುತ್ತದೆ: ಆಸೆಯ ಕೊರತೆ ಸುಮಾರು ಆರು ತಿಂಗಳು ಉಳಿದು, ಅದರಿಂದ ಆ ಮಹಿಳೆಗೇ ಸಂಕಟವಾಗುತ್ತಿದ್ದರೆ ಮಾತ್ರ ಅದನ್ನು ಚಿಕಿತ್ಸೆ ಬೇಕಾದ ಸಮಸ್ಯೆ ಎಂದು ಪರಿಗಣಿಸಲಾಗುತ್ತದೆ. ಬದುಕಿನುದ್ದಕ್ಕೂ ಲೈಂಗಿಕ ಆಕರ್ಷಣೆಯೇ ಇಲ್ಲದೆ ನೆಮ್ಮದಿಯಾಗಿರುವವರೂ ಇದ್ದಾರೆ. ಅವರಿಗೆ ಯಾವ ಮದ್ದೂ ಬೇಕಿಲ್ಲ.

ಆಸೆ ಮೊದಲೋ, ಸ್ಪರ್ಶ ಮೊದಲೋ

ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1966ರಲ್ಲಿ ಲೈಂಗಿಕ ಪ್ರತಿಕ್ರಿಯೆಯ ಹಂತಗಳನ್ನು ವಿವರಿಸಿದಾಗ ಅದರಲ್ಲಿ ಆಸೆಗೆ ಬೇರೆ ಜಾಗವೇ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಲೈಂಗಿಕ ಚಿಕಿತ್ಸಾ ತಜ್ಞೆ ಹೆಲೆನ್ ಸಿಂಗರ್ ಕಪ್ಲನ್ ಅದನ್ನು ಮೊದಲ ಹಂತವಾಗಿ ಸೇರಿಸಿದರು. ಮೊದಲು ಆಸೆ, ಬಳಿಕ ಉದ್ರೇಕ, ಕೊನೆಗೆ ತೃಪ್ತಿ ಎಂಬ ಈ ನೇರ ಸಾಲು ಅನೇಕ ಮಹಿಳೆಯರ ಅನುಭವಕ್ಕೆ ಹೊಂದುವುದಿಲ್ಲವೆಂದು 2000ದಲ್ಲಿ ಕೆನಡಾದ ವೈದ್ಯೆ ರೋಸ್‌ಮರಿ ಬ್ಯಾಸನ್ ವಾದಿಸಿದರು. ಹಲವರಲ್ಲಿ, ಅದರಲ್ಲೂ ದೀರ್ಘ ಕಾಲದ ಸಂಬಂಧದಲ್ಲಿರುವವರಲ್ಲಿ, ಆಸೆ ತಾನಾಗಿ ಎದ್ದು ಬರುವುದಿಲ್ಲ. ಹತ್ತಿರವಾಗುವ ಮನಸ್ಸಿದ್ದು, ಆತುರವಿಲ್ಲದ ಸ್ಪರ್ಶ ಆರಂಭವಾದ ಮೇಲೆ, ದೇಹ ಸ್ಪಂದಿಸತೊಡಗಿದಾಗ ಅದು ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಮೊದಲನೆಯದನ್ನು ತಾನಾಗಿ ಮೂಡುವ ಆಸೆ ಎಂದೂ ಎರಡನೆಯದನ್ನು ಸ್ಪಂದಿಸುವ ಆಸೆ ಎಂದೂ ಕರೆಯಬಹುದು. ಮೊದಲನೆಯದು ಕಡಿಮೆಯಾದುದನ್ನೇ ಆಸೆ ಸತ್ತುಹೋಯಿತೆಂದು ತಿಳಿದು ಕೊರಗುವವರು ಬಹಳ. ಎರಡನೆಯದು ಇದೆಯೇ ಎಂದು ನೋಡಿಕೊಳ್ಳುವುದು ಅವರು ಮಾಡಬೇಕಾದ ಮೊದಲ ಕೆಲಸ.

ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಯಾನ್ಸೆನ್ ಎಂಬ ಸಂಶೋಧಕರು ಮುಂದಿಟ್ಟ ಇನ್ನೊಂದು ವಿಚಾರವೂ ದಿನನಿತ್ಯಕ್ಕೆ ಉಪಯುಕ್ತವಾಗಿದೆ. ಅದರ ಪ್ರಕಾರ ಲೈಂಗಿಕ ಸ್ಪಂದನಕ್ಕೆ ವಾಹನಕ್ಕಿರುವಂತೆ ವೇಗ ಕೊಡುವ ಪೆಡಲ್ ಒಂದು, ಬ್ರೇಕ್ ಒಂದು. ಎರಡೂ ಬೇರೆ ಬೇರೆ. ದಣಿವು, ಮಗು ಎಚ್ಚರಗೊಂಡೀತೆಂಬ ಆತಂಕ, ಗರ್ಭ ನಿಂತೀತೆಂಬ ಭಯ, ತನ್ನ ದೇಹದ ಬಗ್ಗೆ ಸಂಕೋಚ, ನೋವಿನ ನೆನಪು, ಇವೆಲ್ಲ ಬ್ರೇಕ್ ಮೇಲಿಟ್ಟ ಕಾಲುಗಳು. ಸುಗಂಧವೂ ಹೊಸ ಉಡುಪೂ ವೇಗವನ್ನು ಹೆಚ್ಚಿಸಿಯಾವು, ಆದರೆ ಒತ್ತಿ ಹಿಡಿದ ಬ್ರೇಕನ್ನು ಬಿಡಿಸಲಾರವು. ಮುಂದೆ ಬರುವ ಪ್ರತಿಯೊಂದು ಘಟ್ಟದಲ್ಲೂ ಉಪಾಯ ಹುಡುಕುವ ಮುನ್ನ ಈಗ ಬ್ರೇಕ್ ಮೇಲಿರುವುದು ಯಾವುದು ಎಂದು ಕೇಳಿಕೊಳ್ಳಿ.

ಇಪ್ಪತ್ತರಿಂದ ಮೂವತ್ತರ ಕೊನೆಯವರೆಗೆ

ಈ ವರ್ಷಗಳಲ್ಲಿ ಏರಿಳಿತ ತಿಂಗಳೊಳಗೇ ನಡೆಯುತ್ತದೆ. ಮುಟ್ಟು ಮುಗಿದ ಮೇಲೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಏರುತ್ತಾ ಹೋಗಿ ಅಂಡ ಬಿಡುಗಡೆಯಾಗುವ ದಿನಗಳ ಸುಮಾರಿಗೆ ಹಲವರಲ್ಲಿ ಆಸೆ ಹೆಚ್ಚುತ್ತದೆ. ಬಳಿಕ ಇನ್ನೊಂದು ಹಾರ್ಮೋನಾದ ಪ್ರೊಜೆಸ್ಟರಾನ್ ಹೆಚ್ಚಾದಾಗ ಇಳಿಯುತ್ತದೆ. ಎಲ್ಲರಿಗೂ ಇದು ಸ್ಪಷ್ಟವಾಗಿ ಕಾಣದು. ಕಂಡವರು ತಮ್ಮ ಟಿಪ್ಪಣಿಯಿಂದ ಆ ದಿನಗಳನ್ನು ಗುರುತಿಸಿ ಬಿಡುವು ಮಾಡಿಕೊಳ್ಳಬಹುದು. ಆದರೆ ಗರ್ಭ ನಿಲ್ಲುವ ಸಾಧ್ಯತೆಯೂ ಅದೇ ದಿನಗಳಲ್ಲಿ ಹೆಚ್ಚೆಂಬುದನ್ನು ಮರೆಯಬಾರದು.

ಗರ್ಭನಿರೋಧಕ ಮಾತ್ರೆಗಳ ಪರಿಣಾಮ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಎರಡು ಹಾರ್ಮೋನುಗಳಿರುವ ಮಾತ್ರೆಗಳು ರಕ್ತದಲ್ಲಿ ಬಿಡಿಯಾಗಿ ಓಡಾಡುವ, ಆಸೆಯೊಂದಿಗೆ ನಂಟಿರುವ ಹಾರ್ಮೋನಾದ ಟೆಸ್ಟೋಸ್ಟೆರಾನ್ ಪ್ರಮಾಣವನ್ನು ತಗ್ಗಿಸುವುದು ನಿಜವಾದರೂ, ಬಹುಪಾಲು ಮಹಿಳೆಯರಲ್ಲಿ ಆಸೆ ಬದಲಾಗುವುದಿಲ್ಲ. ಕೆಲವರಲ್ಲಿ ಇಳಿಯುತ್ತದೆ, ಗರ್ಭದ ಭಯ ತೊಲಗಿದ್ದರಿಂದಲೇ ಕೆಲವರಲ್ಲಿ ಏರುತ್ತದೆ. ಮಾತ್ರೆ ಶುರುವಾದ ಕೆಲವು ತಿಂಗಳೊಳಗೆ ಆಸೆ ಇಳಿದಿದ್ದರೆ ಬೇರೆ ವಿಧಾನಕ್ಕೆ ಬದಲಾಗುವ ಬಗ್ಗೆ ವೈದ್ಯರೊಂದಿಗೆ ಮಾತಾಡಿ, ಬದಲಿ ಸಿಗುವ ಮುನ್ನವೇ ಮಾತ್ರೆಯನ್ನು ಬಿಡಬೇಡಿ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಿಗಳ ಮಾತು ಬೇರೆ. ಅವು ಆಸೆಯನ್ನೂ ಸುಖದ ಪರಾಕಾಷ್ಠೆಯನ್ನೂ ಮಂಕಾಗಿಸುವುದು ಅಪರೂಪವೇನಲ್ಲ. ಅಷ್ಟೇ ಬಲವಾಗಿ ಖಿನ್ನತೆಯೂ ಆಸೆಯನ್ನು ಕುಗ್ಗಿಸುತ್ತದೆ. ತಾನಾಗಿ ಔಷಧಿ ನಿಲ್ಲಿಸುವುದು ಅಪಾಯಕಾರಿ. ಪ್ರಮಾಣ ತಗ್ಗಿಸಲು ಅಥವಾ ಬೇರೆ ಗುಂಪಿನ ಔಷಧಿಗೆ ಬದಲಿಸಲು ಸಾಧ್ಯವೇ ಎಂದು ಅದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು.

ನೋವಿದ್ದರೆ ಮೊದಲು ನೋವಿಗೆ ಮದ್ದು, ಆಸೆಯ ಮಾತು ಆಮೇಲೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯಾಸಿಸ್, ಸೋಂಕು, ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿ ಬಿಗಿದುಕೊಳ್ಳುವ ವ್ಯಾಜಿನಿಸ್ಮಸ್, ಇವು ಯಾವ ವಯಸ್ಸಿನಲ್ಲೂ ಬರಬಹುದು, ಚಿಕಿತ್ಸೆಯೂ ಇದೆ. ಪ್ರತಿ ಬಾರಿಯೂ ನೋವಾಗುವ ಒಂದನ್ನು ದೇಹ ಬಯಸದಿರುವುದು ಆಸೆಯ ದೋಷವಲ್ಲ, ದೇಹದ ಜಾಣತನ. ಹಲ್ಲು ಕಚ್ಚಿ ಸಹಿಸಿಕೊಂಡಷ್ಟೂ ನೋವಿನ ನಿರೀಕ್ಷೆ ಗಟ್ಟಿಯಾಗುತ್ತದೆ, ಸ್ನಾಯುಗಳು ಇನ್ನಷ್ಟು ಬಿಗಿಯುತ್ತವೆ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಿದೆ. ಹೆಚ್ಚಿನ ಮಹಿಳೆಯರಿಗೆ ಬರಿಯ ಸಂಭೋಗದಿಂದ ಪರಾಕಾಷ್ಠೆ ದೊರೆಯುವುದಿಲ್ಲ. ಚಂದ್ರನಾಡಿಯ (ಕ್ಲಿಟೋರಿಸ್) ಸ್ಪರ್ಶ ಬೇಕಾಗುತ್ತದೆ. ಆ ಅಂಗದ ಬಹುಭಾಗ ದೇಹದ ಒಳಗಿದೆ ಎಂಬುದನ್ನು ಆಸ್ಟ್ರೇಲಿಯಾದ ಶಸ್ತ್ರವೈದ್ಯೆ ಹೆಲೆನ್ ಓಕಾನಲ್ 1998ರಲ್ಲಿ ವಿವರವಾಗಿ ದಾಖಲಿಸಿದರು. ವರ್ಷಗಟ್ಟಲೆ ತನಗೆ ಸುಖವಿಲ್ಲದ ಕ್ರಿಯೆಯಲ್ಲಿ ತೊಡಗಿದವಳಿಗೆ ಅದರ ಮೇಲೆ ಆಸೆ ಉಳಿಯದಿದ್ದರೆ, ಕಾರಣಕ್ಕಾಗಿ ಹಾರ್ಮೋನುಗಳ ತನಕ ಹೋಗಬೇಕಾಗಿಲ್ಲ.

ಬಸಿರು, ಬಾಣಂತನ, ಹಾಲೂಡಿಸುವ ಕಾಲ

ಬಸಿರಿನ ಮೊದಲ ಮೂರು ತಿಂಗಳಲ್ಲಿ ವಾಕರಿಕೆ ಮತ್ತು ದಣಿವಿನಿಂದ ಆಸೆ ಇಳಿಯುವುದು, ನಡುವಿನ ಮೂರು ತಿಂಗಳಲ್ಲಿ ಕೆಲವರಿಗೆ ಮೊದಲಿಗಿಂತಲೂ ಏರುವುದು, ಕೊನೆಯಲ್ಲಿ ಮತ್ತೆ ಇಳಿಯುವುದು ಸಾಮಾನ್ಯ ಚಿತ್ರ. ತೊಡಕಿಲ್ಲದ ಬಸಿರಿನಲ್ಲಿ ಮಿಲನದಿಂದ ಮಗುವಿಗೆ ಅಪಾಯವಿಲ್ಲ. ಆದರೆ ರಕ್ತಸ್ರಾವವಾಗುತ್ತಿದ್ದರೆ, ಮಾಸು ಗರ್ಭಕೋಶದ ಬಾಯನ್ನು ಮುಚ್ಚಿಕೊಂಡಿದ್ದರೆ, ನೀರು ಒಡೆದಿದ್ದರೆ ಅಥವಾ ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿದ್ದರೆ ದೂರವಿರಬೇಕು. ಸಂದೇಹವಿದ್ದರೆ ತಪಾಸಣೆಯ ದಿನವೇ ಕೇಳಬೇಕು.

ಹೆರಿಗೆಯ ನಂತರದ ತಿಂಗಳುಗಳಷ್ಟು ತಪ್ಪು ತಿಳಿವಳಿಕೆಗೆ ಈಡಾಗಿರುವ ಘಟ್ಟ ಬೇರೊಂದಿಲ್ಲ. ಮಾಸು ಹೊರಬಿದ್ದೊಡನೆ ಈಸ್ಟ್ರೋಜನ್ ಕುಸಿಯುತ್ತದೆ. ಹಾಲೂಡಿಸುವವರೆಗೆ ಎದೆಹಾಲು ಉಂಟುಮಾಡುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಹೆಚ್ಚಾಗಿಯೇ ಇದ್ದು ಈಸ್ಟ್ರೋಜನನ್ನು ಕೆಳಗೇ ಹಿಡಿದಿಡುತ್ತದೆ. ಅದರಿಂದ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಇಪ್ಪತ್ತೈದರ ಬಾಣಂತಿಯ ದೇಹ ಈ ಒಂದು ವಿಷಯದಲ್ಲಿ ಐವತ್ತೈದರವಳ ದೇಹದಂತೆ ವರ್ತಿಸುತ್ತದೆ ಎಂದು ಅವಳಿಗೆ ಯಾರೂ ಮುಂಚಿತವಾಗಿ ಹೇಳಿರುವುದಿಲ್ಲ. ಇದರ ಮೇಲೆ ಹೊಲಿಗೆಯ ಗಾಯ, ತುಂಡು ತುಂಡಾದ ನಿದ್ದೆ, ಮಗುವನ್ನು ದಿನವಿಡೀ ಎತ್ತಿಕೊಂಡದ್ದರಿಂದ ಇನ್ನು ಯಾರೂ ಮೈ ಮುಟ್ಟುವುದು ಬೇಡವೆನಿಸುವ ಸ್ಥಿತಿ. ಇಷ್ಟೆಲ್ಲ ಇರುವಾಗ ಆಸೆ ಇಲ್ಲದಿರುವುದು ಸಹಜ. ಇದ್ದರೆ ಅದೂ ಸಹಜ.

ಮಾಡಬೇಕಾದದ್ದು ಇಷ್ಟು. ಸ್ರಾವ ನಿಂತು ಗಾಯ ಮಾಯುವವರೆಗೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಸಂಭೋಗ ಬೇಡ. ಆರು ವಾರವೆಂಬುದು ಅಲ್ಲಿಯವರೆಗೆ ಕಾಯಿರಿ ಎಂಬ ಸಲಹೆಯೇ ಹೊರತು ಆ ದಿನ ಆರಂಭಿಸಲೇಬೇಕೆಂಬ ಗಡುವಲ್ಲ. ಮತ್ತೆ ಆರಂಭಿಸುವಾಗ ಜಾರುವಿಕೆಗೆಂದೇ ಸಿಗುವ ಜೆಲ್ ಬಳಸಿ. ಕಾಂಡೋಮ್ ಬಳಸುವವರು ನೀರು ಅಥವಾ ಸಿಲಿಕೋನ್ ಆಧಾರಿತ ಜೆಲ್ಲನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಎಣ್ಣೆಯ ಅಂಶವು ಲ್ಯಾಟೆಕ್ಸನ್ನು ದುರ್ಬಲಗೊಳಿಸುತ್ತದೆ. ಮುಟ್ಟು ಮರಳುವ ಮುನ್ನವೇ ಅಂಡ ಬಿಡುಗಡೆಯಾಗಬಹುದಾದ್ದರಿಂದ ಮುಟ್ಟು ಬಂದಿಲ್ಲವೆಂಬ ಧೈರ್ಯದ ಮೇಲೆ ನಿಲ್ಲಬೇಡಿ, ಹಾಲೂಡಿಸುವಿಕೆಯೊಂದನ್ನೇ ನಂಬಬೇಕಾದರೆ ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲೇ ಆಹಾರವಾಗಿರಬೇಕು, ಮುಟ್ಟು ಮರಳಿರಬಾರದು, ಮೂರೂ ಒಟ್ಟಿಗೆ. ಹೆರಿಗೆಯಾಗಿ ಮೂರು ತಿಂಗಳಾದರೂ ನೋವು ಉಳಿದಿದ್ದರೆ ಗಾಯವನ್ನು ತೋರಿಸಿ. ಎರಡು ವಾರಗಳನ್ನು ಮೀರಿ ದುಃಖ, ನಿರಾಸಕ್ತಿ, ಮಗುವಿನ ಬಗ್ಗೆಯೂ ಮನಸ್ಸಿಲ್ಲದಿರುವಿಕೆ ಮುಂದುವರಿದರೆ ಅದು ಬಾಣಂತಿಯ ಖಿನ್ನತೆಯಾಗಿರಬಹುದು, ತಡಮಾಡದೆ ವೈದ್ಯರನ್ನು ಕಾಣಿರಿ.

ಸಂಗಾತಿ ಈ ಕಾಲದಲ್ಲಿ ಏನು ಮಾಡಬೇಕೆಂದು ಕೇಳಿದರೆ, ರಾತ್ರಿಯ ಒಂದು ಸರದಿಯನ್ನು ಪೂರ್ತಿಯಾಗಿ ವಹಿಸಿಕೊಂಡು ಅವಳಿಗೆ ಎಡೆಬಿಡದ ನಾಲ್ಕೈದು ಗಂಟೆ ನಿದ್ದೆ ಸಿಗುವಂತೆ ಮಾಡುವುದೇ ನನ್ನ ಉತ್ತರ. ಅಪ್ಪುಗೆ ಅಪ್ಪುಗೆಯಾಗಿಯೇ ಮುಗಿಯುತ್ತದೆಂಬ ಭರವಸೆಯೂ ಬೇಕು. ಪ್ರತಿ ಅಪ್ಪುಗೆಯೂ ಮುಂದೊಂದು ಬೇಡಿಕೆಯಾಗುತ್ತದೆಂದು ಗೊತ್ತಾದವಳು ಅಪ್ಪುಗೆಯಿಂದಲೇ ದೂರ ಸರಿಯುತ್ತಾಳೆ.

ಮುಟ್ಟು ನಿಲ್ಲುವ ಮುಂಚೆ, ನಿಂತ ಮೇಲೆ

ಬಹುಪಾಲು ಮಹಿಳೆಯರಲ್ಲಿ ಮುಟ್ಟು 45ರಿಂದ 55ರ ನಡುವೆ ನಿಲ್ಲುತ್ತದೆ. ಒಂದಿಡೀ ವರ್ಷ ಮುಟ್ಟಾಗದಿದ್ದ ಮೇಲೆಯೇ ಅದನ್ನು ಋತುಬಂಧವೆಂದು ಕರೆಯುವುದು. ಆದರೆ ಬದಲಾವಣೆಗಳು ಅದಕ್ಕೂ ಹಲವು ವರ್ಷ ಮೊದಲೇ ಆರಂಭವಾಗಿರುತ್ತವೆ. ಆ ವರ್ಷಗಳಲ್ಲಿ ಈಸ್ಟ್ರೋಜನ್ ಒಂದೇ ಸಮನೆ ಇಳಿಯುವುದಿಲ್ಲ, ಏರುತ್ತಾ ಬೀಳುತ್ತಾ ಹೋಗುತ್ತದೆ. ಒಂದು ತಿಂಗಳು ಆಸೆ ಚೆನ್ನಾಗಿದ್ದು ಮರುತಿಂಗಳು ಏನೂ ಬೇಡವೆನಿಸುವುದಕ್ಕೆ ಇದೂ ಒಂದು ಕಾರಣ. ಮೈಯಲ್ಲಿ ಬಿಸಿಯ ಅಲೆ, ರಾತ್ರಿಯ ಬೆವರು, ಅದರಿಂದ ಕೆಡುವ ನಿದ್ದೆ, ನಿದ್ದೆ ಕೆಟ್ಟದ್ದರಿಂದ ಹಗಲಿನ ಸಿಡುಕು, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

ಟೆಸ್ಟೋಸ್ಟೆರಾನ್ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ. ಅದು ಋತುಬಂಧದ ದಿನ ಕುಸಿಯುವುದಿಲ್ಲ. ಇಪ್ಪತ್ತರ ವಯಸ್ಸಿನಿಂದಲೇ ಮೆಲ್ಲಗೆ ಇಳಿಯುತ್ತಾ ಬಂದು ನಲವತ್ತರ ನಡುವಿನ ಹೊತ್ತಿಗೆ ಹೆಚ್ಚುಕಡಿಮೆ ಅರ್ಧವಾಗಿರುತ್ತದೆ. ಹಠಾತ್ತಾಗಿ ಕುಸಿಯುವುದು ಎರಡೂ ಅಂಡಾಶಯಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದಾಗ. ಆದ್ದರಿಂದ ಗರ್ಭಕೋಶ ತೆಗೆಯಬೇಕೆಂದು ವೈದ್ಯರು ಹೇಳಿದಾಗ ಅಂಡಾಶಯಗಳನ್ನೂ ತೆಗೆಯುತ್ತೀರಾ, ಏಕೆ, ಉಳಿಸಲು ಸಾಧ್ಯವೇ ಎಂದು ಸಹಿ ಹಾಕುವ ಮುನ್ನ ಕೇಳುವುದು ಪ್ರತಿಯೊಬ್ಬ ಮಹಿಳೆಯ ಹಕ್ಕು. ಗರ್ಭಕೋಶ ಮಾತ್ರ ತೆಗೆದು, ಅದರೊಂದಿಗೆ ಅತಿಸ್ರಾವವೂ ನೋವೂ ತೊಲಗಿದ ಅನೇಕರಲ್ಲಿ ಲೈಂಗಿಕ ಬದುಕು ಸುಧಾರಿಸುವುದೂ ಉಂಟು.

ಈ ಘಟ್ಟದಲ್ಲಿ ಆಸೆಗಿಂತ ಮೊದಲು ಗಮನಿಸಬೇಕಾದದ್ದು ಒಣಗುವಿಕೆಯನ್ನು. ಈಸ್ಟ್ರೋಜನ್ ಕಡಿಮೆಯಾದಂತೆ ಯೋನಿಯ ಪದರ ತೆಳುವಾಗುತ್ತದೆ, ಅದರ ಆಮ್ಲೀಯ ಗುಣ ತಗ್ಗುತ್ತದೆ, ಉರಿ, ತುರಿಕೆ, ಮಿಲನದ ನೋವು, ಪದೇ ಪದೇ ಮೂತ್ರದ ಸೋಂಕು ಬರುತ್ತವೆ. ಬಿಸಿಯ ಅಲೆಗಳು ವರ್ಷಗಳು ಕಳೆದಂತೆ ತಾವಾಗಿ ತಗ್ಗುವುದುಂಟು. ಒಣಗುವಿಕೆ ಹಾಗಲ್ಲ, ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚುತ್ತಲೇ ಹೋಗುತ್ತದೆ. ಇದಕ್ಕೆ ಮೂರು ಮೆಟ್ಟಿಲುಗಳಿವೆ. ಮಿಲನದ ವೇಳೆಗೆ ಜಾರುವ ಜೆಲ್. ವಾರಕ್ಕೆ ಎರಡು ಮೂರು ಬಾರಿ ಯೋನಿಯೊಳಗೆ ಹಚ್ಚುವ, ತೇವವನ್ನು ಹಿಡಿದಿಡುವ ಮಾಯಿಶ್ಚರೈಸರ್. ಅದಕ್ಕೂ ಬಗ್ಗದಿದ್ದರೆ ವೈದ್ಯರು ಬರೆದುಕೊಡುವ, ಯೋನಿಯಲ್ಲೇ ಬಳಸುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಅಥವಾ ಮಾತ್ರೆ. ಮೂರನೆಯದು ರಕ್ತಕ್ಕೆ ಸೇರುವುದು ತೀರಾ ಅಲ್ಪ. ಅದರ ಪೂರ್ಣ ಫಲ ಕಾಣಲು ಕೆಲವೊಮ್ಮೆ ಮೂರು ತಿಂಗಳೇ ಬೇಕಾಗುತ್ತದೆ, ನಿಲ್ಲಿಸಿದರೆ ತೊಂದರೆ ಮರಳುತ್ತದೆ. ಎರಡು ವಾರ ಹಚ್ಚಿ ಪ್ರಯೋಜನವಿಲ್ಲವೆಂದು ಬದಿಗಿಡುವವರು ಇದನ್ನು ತಿಳಿದಿದ್ದರೆ ಒಳ್ಳೆಯದು. ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದವರು ಮಾತ್ರ ಕ್ಯಾನ್ಸರ್ ತಜ್ಞರ ಒಪ್ಪಿಗೆಯಿಲ್ಲದೆ ಇದನ್ನು ಬಳಸಬಾರದು. ಋತುಬಂಧದ ನಂತರ ಯಾವುದೇ ರಕ್ತಸ್ರಾವ ಕಂಡರೂ, ಒಂದು ಹನಿಯಾದರೂ, ಅದನ್ನು ಒಣಗುವಿಕೆಯ ಲೆಕ್ಕಕ್ಕೆ ಸೇರಿಸದೆ ಕೂಡಲೇ ತೋರಿಸಬೇಕು.

ನೋವು ಹೋದ ಮೇಲೆ ಆಸೆ ಮರಳುವುದನ್ನು ಕಾಯ್ದು ನೋಡಿ. ಗರ್ಭದ ಭಯವಿಲ್ಲ, ಮುಟ್ಟಿನ ಕಿರಿಕಿರಿಯಿಲ್ಲ, ಮಕ್ಕಳು ದೊಡ್ಡವರಾಗಿದ್ದಾರೆ. ಬ್ರೇಕ್ ಮೇಲಿನ ಕಾಲುಗಳು ಒಂದೊಂದಾಗಿ ಎದ್ದ ಈ ಕಾಲದಲ್ಲಿ ಮೊದಲಿಗಿಂತ ನಿರಾಳವಾದ ಸುಖವನ್ನು ಕಂಡುಕೊಳ್ಳುವವರೂ ಇದ್ದಾರೆ. ಭಯವಿಲ್ಲವೆಂಬ ಮಾತಿಗೆ ಒಂದು ಷರತ್ತು: ಮುಟ್ಟು ಅಲ್ಲೊಂದು ಇಲ್ಲೊಂದು ಬರುತ್ತಿರುವವರೆಗೆ ಗರ್ಭನಿರೋಧಕ ಬೇಕೇ ಬೇಕು.

ಅರವತ್ತರ ಆಚೆ

ಈ ವಯಸ್ಸಿನಲ್ಲಿ ಲೈಂಗಿಕ ಬದುಕು ನಿಲ್ಲುವುದಕ್ಕೆ ಹಲವು ಬಾರಿ ಕಾರಣ ಆಸೆಯಲ್ಲ, ಸಂಗಾತಿ ಇಲ್ಲದಿರುವುದು ಅಥವಾ ಸಂಗಾತಿಯ ಅನಾರೋಗ್ಯ. ಇರುವವರಲ್ಲಿ ಕೀಲುನೋವು, ಉಸಿರಾಟದ ಕಷ್ಟ, ರಕ್ತದೊತ್ತಡದ ಕೆಲವು ಔಷಧಿಗಳು ಅಡ್ಡ ಬರುತ್ತವೆ. ಉದ್ರೇಕಕ್ಕೆ ಹೆಚ್ಚು ಹೊತ್ತು ಬೇಕಾಗುತ್ತದೆ, ಅದನ್ನು ಕೊಡಬೇಕು. ದಣಿದ ರಾತ್ರಿಗಿಂತ ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದು, ನೋವಿನ ಮಾತ್ರೆ ಕೆಲಸ ಮಾಡುವ ಸಮಯಕ್ಕೆ ಹೊಂದಿಸಿಕೊಳ್ಳುವುದು, ಮಂಡಿ ಸೊಂಟಗಳ ಕೆಳಗೆ ದಿಂಬು ಇಡುವುದು ನಗೆ ತರಿಸುವ ಸಲಹೆಗಳಂತೆ ಕಂಡರೂ ಕೆಲಸಕ್ಕೆ ಬರುತ್ತವೆ. ಸಂಭೋಗ ಕಷ್ಟವಾದಲ್ಲಿ ಕೈ, ತುಟಿ, ಮೈಗೆ ಮೈ ತಾಗಿಸಿ ಮಲಗುವುದು ಸುಖದ ಪೂರ್ಣ ರೂಪಗಳೇ ಆಗಬಲ್ಲವು. ಹೊಸ ಸಂಗಾತಿಯನ್ನು ಕಂಡುಕೊಂಡವರಿಗೆ ಕಾಂಡೋಮ್ ಈಗಲೂ ಅಗತ್ಯ. ಸೋಂಕುಗಳು ವಯಸ್ಸು ಕೇಳಿ ಬರುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ

ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಸ್ಪರ್ಶದ ಅಭ್ಯಾಸವೊಂದು ಇಂದಿಗೂ ಬಳಕೆಯಲ್ಲಿದೆ. ವಾರಕ್ಕೆರಡು ಸಲ ಅರ್ಧ ಗಂಟೆ ಬಾಗಿಲು ಹಾಕಿಕೊಂಡು, ಸಂಭೋಗ ನಡೆಯುವುದಿಲ್ಲವೆಂದು ಇಬ್ಬರೂ ಮೊದಲೇ ಒಪ್ಪಿಕೊಂಡು, ಸ್ತನ ಮತ್ತು ಜನನಾಂಗಗಳನ್ನು ಬಿಟ್ಟು ಉಳಿದ ಮೈಯನ್ನು ಸರದಿಯಲ್ಲಿ ಮುಟ್ಟುತ್ತಾರೆ. ಮುಟ್ಟಿಸಿಕೊಂಡವರು ಯಾವುದು ಹಿತ, ಯಾವುದು ಬೇಡ ಎಂದಷ್ಟೇ ಹೇಳುತ್ತಾರೆ. ಕೆಲವು ವಾರಗಳ ಬಳಿಕ ಉಳಿದ ಭಾಗಗಳನ್ನೂ ಸೇರಿಸಿಕೊಳ್ಳಲಾಗುತ್ತದೆ. ಕೊನೆ ಮುಟ್ಟಬೇಕೆಂಬ ಒತ್ತಾಯ ಇಲ್ಲದಿರುವುದೇ ಇದರ ಗುಟ್ಟು. ಸಂಗಾತಿಯೊಂದಿಗೆ ಮಾತಾಡಬೇಕಾದರೆ ಹಾಸಿಗೆಯಲ್ಲಿ ಬೇಡ, ಒಟ್ಟಿಗೆ ನಡೆಯುತ್ತಿರುವಾಗಲೋ ಮನೆಗೆಲಸ ಮಾಡುತ್ತಿರುವಾಗಲೋ ಮಾತಾಡಿ. "ನೀವು ಹೀಗೆ ಮಾಡುವುದಿಲ್ಲ" ಎನ್ನುವುದಕ್ಕಿಂತ "ನನಗೆ ಹೀಗಿದ್ದರೆ ಹಿತ" ಎಂದು ಆರಂಭಿಸಿ. ಬೇಡವೆಂದ ದಿನ ಒಲ್ಲದ ಮನಸ್ಸಿನಿಂದ ಒಪ್ಪಿಕೊಳ್ಳುವುದು ಆಸೆಯನ್ನು ಉಳಿಸುವ ದಾರಿಯಲ್ಲ. ಒಪ್ಪದಿದ್ದರೆ ಬೈಗುಳ, ಬೆದರಿಕೆ, ಬಲವಂತ ಎದುರಾಗುವ ಸಂಬಂಧದಲ್ಲಿ ತೊಂದರೆ ಇರುವುದು ಹೆಣ್ಣಿನ ಆಸೆಯಲ್ಲಲ್ಲ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ, ಈ ಅಭ್ಯಾಸವಲ್ಲ.

ವೈದ್ಯರ ಬಳಿ

ಥೈರಾಯ್ಡ್, ರಕ್ತಹೀನತೆ, ಮಧುಮೇಹ, ಮುಟ್ಟಿನ ಏರುಪೇರಿದ್ದರೆ ಪ್ರೊಲ್ಯಾಕ್ಟಿನ್, ಇವುಗಳ ಪರೀಕ್ಷೆ ಸಂದರ್ಭಕ್ಕೆ ತಕ್ಕಂತೆ ಉಪಯುಕ್ತ. ಆಸೆಯ ಕೊರತೆಯನ್ನು ಟೆಸ್ಟೋಸ್ಟೆರಾನ್ ಪರೀಕ್ಷೆಯಿಂದ ಪತ್ತೆ ಮಾಡಲಾಗದು. ಎಷ್ಟಿದ್ದರೆ ಕಡಿಮೆ ಎಂಬ ಗೆರೆಯೇ ಇಲ್ಲ. ಹಲವು ವೈದ್ಯಸಂಘಗಳು ಸೇರಿ 2019ರಲ್ಲಿ ಹೊರಡಿಸಿದ ಜಾಗತಿಕ ಒಮ್ಮತದ ಹೇಳಿಕೆಯ ಪ್ರಕಾರ ಮಹಿಳೆಯರಿಗೆ ಟೆಸ್ಟೋಸ್ಟೆರಾನ್ ಕೊಡಲು ಪುರಾವೆಯಿರುವ ಕಾರಣ ಒಂದೇ: ಋತುಬಂಧದ ನಂತರ ಸಂಕಟ ತರುವಂಥ ಆಸೆಯ ಕೊರತೆ. ಅದನ್ನು ಚರ್ಮದ ಮೇಲೆ, ಮಹಿಳೆಯರಿಗೆ ತಕ್ಕ ಅಲ್ಪ ಪ್ರಮಾಣದಲ್ಲಿ ಬಳಸಬೇಕು. ಮೊಡವೆ, ಮೈಮೇಲೆ ಕೂದಲು ಹೆಚ್ಚುವುದು ಅಡ್ಡಪರಿಣಾಮಗಳು. ಆರು ತಿಂಗಳಲ್ಲಿ ಫಲ ಕಾಣದಿದ್ದರೆ ನಿಲ್ಲಿಸಬೇಕು. ಅಮೆರಿಕದ ಔಷಧ ನಿಯಂತ್ರಕರು ಋತುಬಂಧಕ್ಕೆ ಮುನ್ನಿನ ಮಹಿಳೆಯರಿಗಾಗಿ 2015ರಲ್ಲಿ ಫ್ಲಿಬ್ಯಾನ್ಸೆರಿನ್ ಮಾತ್ರೆಗೂ 2019ರಲ್ಲಿ ಬ್ರೆಮೆಲನೊಟೈಡ್ ಚುಚ್ಚುಮದ್ದಿಗೂ ಒಪ್ಪಿಗೆ ಕೊಟ್ಟರು. ಎರಡರ ಫಲವೂ ಸಾಧಾರಣ. ಮೊದಲನೆಯದರ ಜೊತೆ ಮದ್ಯ ಸೇರಿದರೆ ರಕ್ತದೊತ್ತಡ ಕುಸಿದು ತಲೆತಿರುಗಬಹುದು, ಎರಡನೆಯದು ಹಲವರಿಗೆ ವಾಕರಿಕೆ ತರುತ್ತದೆ. ಹೆಸರಿಲ್ಲದ ಪುಡಿ, ಲೇಹ್ಯ, ಹನಿಗಳಿಗೆ ಹಣ ಸುರಿಯುವ ಮುನ್ನ ಅದರಲ್ಲಿ ಏನಿದೆಯೆಂದು ಕೇಳಿ. ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ವೈದ್ಯರ ಕೊಠಡಿಯಲ್ಲಿ ಮಾತು ಹೊರಡುವುದೇ ಕಷ್ಟ. ಬೇರೆಲ್ಲ ಹೇಳಿ ಮುಗಿಸಿ, ಬಾಗಿಲ ಬಳಿ ಹೋದ ಮೇಲೆ ಇದನ್ನು ಕೇಳುವವರೇ ಹೆಚ್ಚು. ಆಗ ವೈದ್ಯರ ಮನಸ್ಸು ಮುಂದಿನ ರೋಗಿಯ ಕಡೆಗೆ ತಿರುಗಿರುತ್ತದೆ. ಕುಳಿತ ಕೂಡಲೇ ಹೇಳಬೇಕಾದ ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: "ಎಂಟು ತಿಂಗಳಿಂದ ನನಗೆ ಲೈಂಗಿಕ ಆಸೆ ಕಡಿಮೆಯಾಗಿದೆ, ಸೇರುವಾಗ ಉರಿಯುತ್ತದೆ, ಇದರಿಂದ ನನಗೆ ಬೇಸರವಾಗಿದೆ, ಈ ಔಷಧಿಗಳನ್ನು ತೆಗೆದುಕೊಳ್ಳುತ್ತಿದ್ದೇನೆ." ಬಾಯಿ ಬಾರದಿದ್ದರೆ ಚೀಟಿಯನ್ನೇ ಕೊಡಿ. ಪರೀಕ್ಷಿಸದೆ "ವಯಸ್ಸಾಯಿತಲ್ಲ" ಎಂದು ನಕ್ಕು ಕಳುಹಿಸಿದರೆ, ಅದೇ ಚೀಟಿಯನ್ನು ಮಡಿಸಿಕೊಂಡು ಇನ್ನೊಬ್ಬ ವೈದ್ಯರ ಬಳಿಗೆ ಹೋಗಿ.